ಹದಿನಾರು ಕೂಪನ್‌ಗಳಲ್ಲಿ ಭೂಮಿ ಸುತ್ತುವುದು: ಒಂದು ಟಿಕೆಟ್‌ನ ಪ್ರಕರಣ ಅಧ್ಯಯನ

ಪ್ರಯಾಣಿಕೆಯ ಬಳಿ ಇದ್ದದ್ದು ಹತ್ತು ತಿಂಗಳ ರಜೆ ಮತ್ತು ಊರುಗಳ ಒಂದು ಪಟ್ಟಿ. ಲಂಡನ್‌ನಿಂದ ಹೊರಟು ನ್ಯೂಯಾರ್ಕ್, ಲಾಸ್ ಏಂಜಲೀಸ್, ಮಯಾಮಿ. ಅಲ್ಲಿಂದ ದಕ್ಷಿಣಕ್ಕೆ ಲಿಮಾ, ಸಾಂಟಿಯಾಗೋ. ಪೆಸಿಫಿಕ್ ಸಾಗರ ದಾಟಿ ಸಿಡ್ನಿ, ಆಕ್ಲೆಂಡ್. ಬಳಿಕ ಟೋಕಿಯೋ, ಹಾಂಗ್‌ಕಾಂಗ್. ನಂತರ ದೋಹಾ, ಜೋಹಾನ್ಸ್‌ಬರ್ಗ್, ಕೇಪ್‌ಟೌನ್. ಕೊನೆಗೆ ರೋಮ್ ಮತ್ತು ಮ್ಯಾಡ್ರಿಡ್ ನೋಡಿಕೊಂಡು ಮತ್ತೆ ಲಂಡನ್. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಒಂದೊಂದು ಊರಿಗೂ ಆಕೆಗೆ ಕಾರಣವಿತ್ತು. ಬಿಡಿಬಿಡಿಯಾಗಿ ಟಿಕೆಟ್ ಕೊಳ್ಳುವ ಬದಲು ವಿಮಾನ ಸಂಸ್ಥೆಗಳ ಒಕ್ಕೂಟವೊಂದರ ವಿಶ್ವಪರ್ಯಟನೆ ಟಿಕೆಟನ್ನು ಬಿಸಿನೆಸ್ ದರ್ಜೆಯಲ್ಲಿ ಕೊಳ್ಳಬೇಕು ಎಂಬ ನಿರ್ಧಾರವೂ ಆಗಿತ್ತು. ಆದರೆ ಆ ಪಟ್ಟಿ ಇದ್ದಂತೆಯೇ ಯಾವ ಒಕ್ಕೂಟದ ಟಿಕೆಟ್‌ಗೂ ಹೊಂದುತ್ತಿರಲಿಲ್ಲ. ಅದನ್ನು ಹೊಂದುವಂತೆ ಮಾಡಿದ ಬಗೆಯೇ ಈ ಅಧ್ಯಯನದ ವಿಷಯ.

ಈ ಬಗೆಯ ಟಿಕೆಟ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಊರುಗಳನ್ನು ಆರಿಸುವ ಮೊದಲೇ ನಿಯಮಗಳನ್ನು ಓದಬೇಕು. ಹೆಚ್ಚಿನವರು ಮೊದಲು ನಕ್ಷೆಯ ಮೇಲೆ ಗೆರೆ ಎಳೆದು, ಆಮೇಲೆ ನಿಯಮಗಳ ಜೊತೆ ಜಗ್ಗಾಡುತ್ತಾರೆ. ಮಾರ್ಗ ಯಾವ ಸಾಗರವನ್ನು ಎಲ್ಲಿ ದಾಟುತ್ತದೆ, ಎಲ್ಲಿ ನೆಲದ ಮೇಲೆ ಸಾಗುತ್ತದೆ, ಎಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಟಿಕೆಟ್‌ನ ಮುಕ್ಕಾಲು ಭಾಗ ತಾನಾಗಿ ಕೂಡಿಬರುತ್ತದೆ.

ಒಕ್ಕೂಟಗಳು ಹುಟ್ಟಿದ ಕಾರಣ

ಭೂಮಿಯನ್ನು ಸುತ್ತುವ ನಿಗದಿತ ಪ್ರಯಾಣಿಕ ವಿಮಾನ ಸೇವೆ ಹೊಸದೇನಲ್ಲ. ಪ್ಯಾನ್ ಆಮ್ ಸಂಸ್ಥೆ ಅದನ್ನು 1947ರ ಜೂನ್‌ನಲ್ಲಿ ಆರಂಭಿಸಿತು. ಆದರೆ ಅಮೆರಿಕದ ಒಳಗೆ ಪ್ರಯಾಣಿಕರನ್ನು ಒಯ್ಯುವ ಹಕ್ಕು ಅದಕ್ಕಿರಲಿಲ್ಲ. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ನ್ಯೂಯಾರ್ಕ್ ನಡುವೆ ಆ ಸುತ್ತು ತುಂಡಾಗಿಯೇ ಇತ್ತು. ಒಂದೇ ಸಂಸ್ಥೆಯ ವಿಮಾನಗಳಲ್ಲಿ ಇಡೀ ಭೂಮಿ ಸುತ್ತುವುದು ಇಂದಿಗೂ ಬಲು ಕಷ್ಟ. ಆ ತುಂಡುಗಳನ್ನು ಜೋಡಿಸಿದ್ದು ಒಕ್ಕೂಟಗಳು: 1997ರಲ್ಲಿ ಸ್ಟಾರ್ ಅಲೈಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್. ಒಬ್ಬ ಸದಸ್ಯ ಸಂಸ್ಥೆ ಮಾರಿದ ಒಂದೇ ಟಿಕೆಟ್‌ನಲ್ಲಿ ಉಳಿದ ಸದಸ್ಯರ ವಿಮಾನಗಳನ್ನೂ ಹತ್ತಬಹುದು. ದರ ಮಾತ್ರ ಇಡೀ ಪ್ರವಾಸಕ್ಕೆ ಒಂದೇ.

ದರ ನಿರ್ಧರಿಸುವ ಬಗೆ ಎರಡು. ಸ್ಟಾರ್ ಅಲೈಯನ್ಸ್ ಟಿಕೆಟ್ ಬಹುಕಾಲದಿಂದ ದೂರವನ್ನು ಅಳೆಯುತ್ತ ಬಂದಿದೆ: 29,000, 34,000, 39,000 ಮೈಲಿ ಎಂಬ ಮೆಟ್ಟಿಲುಗಳು. ಒಂದು ಮೆಟ್ಟಿಲಿನ ಮಿತಿ ಮೀರಿದರೆ ಮುಂದಿನದರ ದರ ತೆರಬೇಕು, ಕೊನೆಯದನ್ನು ಮೀರುವಂತಿಲ್ಲ. ಒನ್‌ವರ್ಲ್ಡ್‌ನಲ್ಲಿ ದೂರ ಆಧರಿಸಿದ ದರವೂ ಇದೆ. ಆದರೆ ಹೆಸರುವಾಸಿಯಾಗಿರುವುದು ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್. ಅದು ಎಣಿಸುವುದು ಭೂಖಂಡಗಳನ್ನು: ಮೂರರಿಂದ ಆರು. ಖಂಡಗಳು ಹೆಚ್ಚಿದಂತೆ ದರ ಏರುತ್ತದೆ, ಮೈಲಿ ಎಷ್ಟಾದರೂ ಲೆಕ್ಕವಿಲ್ಲ.

ಸಮಭಾಜಕ ವೃತ್ತದ ಸುತ್ತಳತೆಯೇ 24,901 ಮೈಲಿ. 29,000 ಮೈಲಿ ಕೇಳಲು ಬಹಳ ಅನ್ನಿಸಿದರೂ ಸುತ್ತಳತೆಗಿಂತ ಹೆಚ್ಚು ಸಿಗುವುದು ನಾಲ್ಕು ಸಾವಿರ ಚಿಲ್ಲರೆ ಮಾತ್ರ. ಉತ್ತರ ಗೋಳಾರ್ಧದಲ್ಲೇ, ಲಂಡನ್‌ನಿಂದ ಟೋಕಿಯೋ, ಟೋಕಿಯೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಂಬಂತೆ ನೇರವಾಗಿ ಸುತ್ತುವವರಿಗೆ ಅದು ಧಾರಾಳ. ದಕ್ಷಿಣಕ್ಕೆ ಇಳಿದು, ಮತ್ತೆ ಮೇಲೇರಿ, ಇನ್ನೊಮ್ಮೆ ಇಳಿಯುವವರಿಗೆ ಕೊನೆಯ ಮೆಟ್ಟಿಲೂ ಸಾಲದು. ನಮ್ಮ ಪ್ರಯಾಣಿಕೆ ಸಮಭಾಜಕವನ್ನು ನಾಲ್ಕು ಬಾರಿ ದಾಟುವವರು.

ಎರಡು ಒಕ್ಕೂಟಗಳ ನಡುವಿನ ಆಯ್ಕೆ

ಸ್ಟಾರ್, ಒನ್‌ವರ್ಲ್ಡ್ ಎರಡರಲ್ಲಿ ಯಾವ ಒಕ್ಕೂಟ ಎಂಬ ಪ್ರಶ್ನೆಯನ್ನು ತೀರ್ಮಾನಿಸಿದ್ದು ಒಂದೇ ಒಂದು ಹಾರಾಟ: ದಕ್ಷಿಣ ಅಮೆರಿಕದಿಂದ ಆಸ್ಟ್ರೇಲಿಯಾದತ್ತ ಪೆಸಿಫಿಕ್ ದಾಟುವುದು. ಏರ್ ನ್ಯೂಜಿಲೆಂಡ್ ತನ್ನ ಆಕ್ಲೆಂಡ್–ಬ್ಯೂನಸ್ ಐರಿಸ್ ಹಾರಾಟವನ್ನು 2020ರಲ್ಲಿ ಕೈಬಿಟ್ಟ ಮೇಲೆ ಸ್ಟಾರ್ ಅಲೈಯನ್ಸ್‌ನಲ್ಲಿ ಆ ದಾರಿ ಮುಚ್ಚಿಹೋಯಿತು. ಸ್ಟಾರ್ ಟಿಕೆಟ್ ಇದ್ದವರು ಲಿಮಾ, ಸಾಂಟಿಯಾಗೋ ನೋಡಿ ಉತ್ತರ ಅಮೆರಿಕಕ್ಕೆ ಮರಳಿಯೇ ಪೆಸಿಫಿಕ್ ದಾಟಬೇಕು. ದೂರಕ್ಕೆ ಬೆಲೆ ಕಟ್ಟುವ ಟಿಕೆಟ್‌ನಲ್ಲಿ ಈ ಹಿಂದಿರುಗುವಿಕೆ ದುಬಾರಿ. ಒನ್‌ವರ್ಲ್ಡ್‌ನಲ್ಲಿ ಕ್ವಾಂಟಸ್ ಸಂಸ್ಥೆಯ ಸಾಂಟಿಯಾಗೋ–ಸಿಡ್ನಿ ನೇರ ವಿಮಾನವಿದೆ. ಸುಮಾರು 7,000 ಮೈಲಿಯ ಈ ಹಾರಾಟ ಸಾಗರದ ದಕ್ಷಿಣ ತುದಿಯಲ್ಲಿ, ಅಂಟಾರ್ಕ್ಟಿಕಾದ ಕಡೆಗೆ ಬಾಗಿ ಸಾಗುತ್ತದೆ.

ಸ್ಟಾರ್‌ನ ಬಲವನ್ನು ಅಲ್ಲಗಳೆಯುವಂತಿಲ್ಲ. ಲ್ಯಾಟಿನ್ ಅಮೆರಿಕದ ಉತ್ತರ ಭಾಗದಲ್ಲಿ ಕೋಪಾ ಮತ್ತು ಅವಿಯಾಂಕಾ, ಆಫ್ರಿಕಾದಲ್ಲಿ ಇಥಿಯೋಪಿಯನ್ ಮತ್ತು ಸೌತ್ ಆಫ್ರಿಕನ್, ಜೊತೆಗೆ ಇಸ್ತಾಂಬುಲ್‌ನಿಂದ ಎಲ್ಲ ದಿಕ್ಕಿಗೂ ಹಾರುವ ಟರ್ಕಿಶ್. ಆಫ್ರಿಕಾದೊಳಗೆ ನಾಲ್ಕಾರು ದೇಶ ಸುತ್ತುವವರಿಗೆ ನಾನು ಸ್ಟಾರ್ ಟಿಕೆಟನ್ನೇ ಹೇಳುತ್ತೇನೆ. ಆದರೆ ಈ ಪಟ್ಟಿಗೆ ಅಂತಿಮವಾಗಿ ನಿಂತ ಮಾರ್ಗದ ದೂರ ಸುಮಾರು 43,000 ಮೈಲಿ, ಅಂದರೆ 69,000 ಕಿಲೋಮೀಟರ್‌ಗೂ ಹೆಚ್ಚು. ಸ್ಟಾರ್‌ನ ಕೊನೆಯ ಮೆಟ್ಟಿಲಿನಿಂದಲೂ ಬಹಳ ಆಚೆ. ಆಯ್ಕೆ ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್, ಆರು ಖಂಡ, ಬಿಸಿನೆಸ್ ದರ್ಜೆ. ದರಸಂಕೇತದಲ್ಲಿ ಅದು ಡಿ-ಒನ್-6 ಎಂದು ಕಾಣುತ್ತದೆ. ಡಿ ಎಂದರೆ ಬುಕಿಂಗ್ ವರ್ಗ, ಅಂದರೆ ಸೀಟನ್ನು ಮಾರುವ ಅಕ್ಷರ; 6 ಎಂದರೆ ಖಂಡಗಳ ಸಂಖ್ಯೆ. ಇಕಾನಮಿಗೆ ಎಲ್, ಫಸ್ಟ್ ಕ್ಲಾಸ್‌ಗೆ ಎ.

ದರ್ಜೆಯ ಬಗ್ಗೆ ಒಂದು ಮಾತು. ಅಗ್ಗದ ವಿಮಾನಗಳು ಎಲ್ಲೆಡೆ ಹಾರುವ ಈ ಕಾಲದಲ್ಲಿ ಇಕಾನಮಿ ದರ್ಜೆಯ ವಿಶ್ವಪರ್ಯಟನೆ ಟಿಕೆಟ್ ಲಾಭವೋ ಅಲ್ಲವೋ ಎಂದು ಪ್ರತಿ ಸಲವೂ ಲೆಕ್ಕ ಹಾಕಿಯೇ ನೋಡಬೇಕು. ಸಾಂಟಿಯಾಗೋ–ಸಿಡ್ನಿಯಂಥ ಉದ್ದದ ಬಿಸಿನೆಸ್ ಹಾರಾಟಗಳು ನಾಲ್ಕೈದು ಇರುವ ಮಾರ್ಗದಲ್ಲಿ ಅದರ ನಿಜವಾದ ಬೆಲೆ ತಿಳಿಯುತ್ತದೆ. ಇನ್ನೊಂದು ವಿಷಯ: ಒಂದೇ ಮಾರ್ಗದ ದರ, ಪ್ರಯಾಣ ಯಾವ ದೇಶದಿಂದ ಶುರುವಾಗುತ್ತದೆ ಎಂಬುದರ ಮೇಲೆ ಗಣನೀಯವಾಗಿ ಬದಲಾಗುತ್ತದೆ. ಶುರುವಾದ ದೇಶದಲ್ಲೇ ಮುಗಿಯಬೇಕು ಎಂಬ ನಿಯಮವಿರುವುದರಿಂದ, ದರ ಕಡಿಮೆಯಿರುವ ದೇಶದಿಂದ ಹೊರಡುವವರು ಅಲ್ಲಿಗೆ ಹೋಗಿ ಬರುವ ಖರ್ಚನ್ನೂ ಸೇರಿಸಿಕೊಳ್ಳಬೇಕು. ಈ ಪ್ರಯಾಣಿಕೆಗೆ ಲಂಡನ್ ಬಿಡುವ ಮನಸ್ಸಿರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಹದಿನಾರರ ಲೆಕ್ಕ

ಎರಡೂ ಒಕ್ಕೂಟಗಳಲ್ಲಿ ಒಂದು ಟಿಕೆಟ್‌ಗೆ ಹೆಚ್ಚೆಂದರೆ 16 ಭಾಗಗಳು; ಒಂದು ಊರಿನಿಂದ ಮುಂದಿನ ಊರಿಗೆ ಹೋಗುವುದು ಒಂದು ಭಾಗ. ಈ ಸಂಖ್ಯೆಯ ಹಿಂದೆ ಕಾಗದದ ಟಿಕೆಟ್‌ನ ಕಾಲದ ನೆನಪಿದೆ. ಒಂದು ಟಿಕೆಟ್‌ನಲ್ಲಿ ನಾಲ್ಕು ಕೂಪನ್ (ಒಂದು ಭಾಗಕ್ಕೆ ಒಂದು ಚೀಟಿ), ಒಂದಕ್ಕೊಂದು ಜೋಡಿಸಿ ನಾಲ್ಕು ಟಿಕೆಟ್, ಒಟ್ಟು ಹದಿನಾರು. ಇ-ಟಿಕೆಟ್ ಬಂದ ಮೇಲೂ ಆ ಕೂಪನ್‌ಗಳು ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿವೆ. ನಿಮ್ಮ ಹದಿಮೂರು ಅಂಕಿಯ ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಸಂಸ್ಥೆಯದು: 125 ಇದ್ದರೆ ಬ್ರಿಟಿಷ್ ಏರ್‌ವೇಸ್, 081 ಇದ್ದರೆ ಕ್ವಾಂಟಸ್, 160 ಇದ್ದರೆ ಕ್ಯಾಥೆ ಪೆಸಿಫಿಕ್. ವಿಶ್ವಪರ್ಯಟನೆ ಟಿಕೆಟ್ ಕೊಂಡವರ ಕೈಗೆ ಇಂಥ ಸಂಖ್ಯೆಗಳು ಮೂರೋ ನಾಲ್ಕೋ ಸಾಲಾಗಿ ಬರುತ್ತವೆ.

ಇಲ್ಲಿ ಬಹಳ ಜನ ಎಡವುವ ವಿಷಯ ನೆಲದ ಮೇಲಿನ ಪ್ರಯಾಣ. ವಿಮಾನ ಇಳಿದ ಊರು ಒಂದು, ಮುಂದಿನ ವಿಮಾನ ಹತ್ತುವ ಊರು ಇನ್ನೊಂದು ಆದರೆ, ನಡುವಿನ ದಾರಿಯನ್ನು ನೀವು ಬಸ್ಸಿನಲ್ಲಿ ಹೋಗಿ, ರೈಲಿನಲ್ಲಿ ಹೋಗಿ, ಬೇರೆ ಟಿಕೆಟ್ ಕೊಂಡು ಹಾರಿಹೋಗಿ, ಅದೂ ಹದಿನಾರರಲ್ಲಿ ಒಂದು. ಬುಕಿಂಗ್ ವ್ಯವಸ್ಥೆಯಲ್ಲಿ ಆ ಸಾಲಿನಲ್ಲಿ ಎಆರ್‌ಎನ್‌ಕೆ ಎಂಬ ಗುರುತು ಬೀಳುತ್ತದೆ: ಪ್ರಯಾಣಿಕ ಹೇಗೆ ಬಂದು ಸೇರುತ್ತಾನೋ ನಮಗೆ ಗೊತ್ತಿಲ್ಲ ಎಂದು ಅದರ ಅರ್ಥ. ದೂರ ಅಳೆಯುವ ಟಿಕೆಟ್‌ನಲ್ಲಾದರೆ ಆ ದಾರಿಯ ಮೈಲಿಗಳೂ ಸೇರುತ್ತವೆ.

ಅದೇ ವೇಳೆ, ಇಳಿದ ಊರಿನಿಂದ ಬೇರೆ ಟಿಕೆಟ್‌ನಲ್ಲಿ ಎಲ್ಲಿಗೋ ಹೋಗಿ ಅದೇ ಊರಿಗೆ ಮರಳಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಲಿಮಾದಿಂದ ಕುಸ್ಕೋಗೆ ಹೋಗಿ ಮಾಚು ಪಿಚು ನೋಡಿ ಲಿಮಾಕ್ಕೆ ಮರಳುವುದು ಒಕ್ಕೂಟದ ಕಣ್ಣಿಗೆ ಲಿಮಾದಲ್ಲೇ ಇದ್ದ ಹಾಗೆ. ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಂಡವರು ಒಂದೆರಡು ಕೂಪನ್‌ಗಳನ್ನು ನಿರಾಯಾಸವಾಗಿ ಉಳಿಸುತ್ತಾರೆ.

ಪಟ್ಟಿಯನ್ನು ಇದ್ದಂತೆಯೇ ಬಿಡಿಸಿದರೆ ಎಣಿಕೆ ಹದಿನೇಳಕ್ಕೆ ನಿಲ್ಲುತ್ತಿತ್ತು. ಆಕ್ಲೆಂಡ್‌ನಿಂದ ಸಿಡ್ನಿಗೆ ಮರಳಿಯೇ ಟೋಕಿಯೋಗೆ ಹಾರಬೇಕಿತ್ತು; ಕೇಪ್‌ಟೌನ್‌ನಿಂದ ರೋಮ್‌ಗೆ ಒನ್‌ವರ್ಲ್ಡ್‌ನ ನೇರ ವಿಮಾನವಿಲ್ಲದ ಕಾರಣ ದೋಹಾದಲ್ಲಿ ಎರಡನೇ ಸಲ ಇಳಿಯಬೇಕಿತ್ತು. ಅದೂ ಸಾಲದೆಂಬಂತೆ, ಅಮೆರಿಕದೊಳಗಿನ ಒಂದು ನಿಯಮ ಇನ್ನೊಂದನ್ನು ಸೇರಿಸಿ ಹದಿನೆಂಟು ಮಾಡಿತು.

ಕರಾವಳಿಯಿಂದ ಕರಾವಳಿಗೆ ಒಂದೇ ಸಲ

ಉತ್ತರ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೋ ಪಶ್ಚಿಮದಿಂದ ಪೂರ್ವಕ್ಕೋ ಖಂಡವನ್ನು ಅಡ್ಡವಾಗಿ ದಾಟುವ ತಡೆರಹಿತ ವಿಮಾನವನ್ನು ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್‌ನಲ್ಲಿ ಒಂದು ಬಾರಿ ಮಾತ್ರ ಹತ್ತಬಹುದು. ನ್ಯೂಯಾರ್ಕ್–ಲಾಸ್ ಏಂಜಲೀಸ್ ಒಂದು. ಲಾಸ್ ಏಂಜಲೀಸ್–ಮಯಾಮಿ ಎರಡನೆಯದು, ಅದಕ್ಕೆ ಅವಕಾಶವಿಲ್ಲ. ಮಯಾಮಿಯನ್ನೇ ಕೈಬಿಟ್ಟು ಲಾಸ್ ಏಂಜಲೀಸ್‌ನಿಂದ ನೇರ ದಕ್ಷಿಣಕ್ಕೆ ಇಳಿಯಬಹುದಲ್ಲ ಎಂದು ಮೊದಲು ಅನ್ನಿಸಿತು. ಆದರೆ ದಕ್ಷಿಣ ಅಮೆರಿಕಕ್ಕೆ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯ ಬಾಗಿಲು ಮಯಾಮಿ, ಮತ್ತು ಪ್ರಯಾಣಿಕೆಗೆ ಆ ಊರು ಬೇಕಿತ್ತು.

ಪರಿಹಾರ ನಿಯಮದ ಒಳಗೇ ಇದೆ. ನಿಷೇಧ ಇರುವುದು ಕರಾವಳಿಯಿಂದ ಕರಾವಳಿಗೆ ತಡೆಯಿಲ್ಲದೆ ಹಾರುವುದಕ್ಕೆ. ನಡುವೆ ಡಲ್ಲಾಸ್‌ನಲ್ಲಿ ಇಳಿದು ವಿಮಾನ ಬದಲಿಸಿದರೆ ಆಕ್ಷೇಪವಿಲ್ಲ, ಏಕೆಂದರೆ ಟೆಕ್ಸಸ್ ಎರಡೂ ಕರಾವಳಿಗಳ ಪಟ್ಟಿಯಿಂದ ಹೊರಗಿದೆ. ಲಾಸ್ ಏಂಜಲೀಸ್–ಡಲ್ಲಾಸ್, ಡಲ್ಲಾಸ್–ಮಯಾಮಿ. ಒಂದು ಕೂಪನ್ ಹೆಚ್ಚು ಖರ್ಚಾಯಿತು, ಒಂದು ಊರು ಉಳಿಯಿತು. ಖಂಡವೊಂದರ ಒಳಗೆ ನಾಲ್ಕು ಭಾಗಗಳ ಮಿತಿಯಿದ್ದು ಉತ್ತರ ಅಮೆರಿಕಕ್ಕೆ ಮಾತ್ರ ಆರು. ನಮ್ಮ ಬಳಕೆ ಮೂರು, ಹಾಗಾಗಿ ಆ ದಿಕ್ಕಿನಲ್ಲಿ ತೊಂದರೆ ಇರಲಿಲ್ಲ. ಒಂದು ಖಂಡದಿಂದ ಇನ್ನೊಂದಕ್ಕೆ ಹಾರುವ ಭಾಗಗಳು ಈ ಒಳಲೆಕ್ಕಕ್ಕೆ ಸೇರುವುದಿಲ್ಲ.

ಕೈರೋ ಯುರೋಪಿನಲ್ಲಿದೆ

ಶಾಲೆಯಲ್ಲಿ ಕಲಿತ ಭೂಗೋಳವನ್ನು ಈ ಟಿಕೆಟ್‌ನ ಮುಂದೆ ಸ್ವಲ್ಪ ಬದಿಗಿಡಬೇಕು. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಯಾಟಾ, ದರಗಳಿಗಾಗಿ ಜಗತ್ತನ್ನು ಮೂರು ವಲಯಗಳಾಗಿ ಹಂಚಿದೆ. ಒಂದನೆಯದು ಎರಡೂ ಅಮೆರಿಕಗಳು. ಎರಡನೆಯದು ಯುರೋಪ್, ಮಧ್ಯಪ್ರಾಚ್ಯ, ಆಫ್ರಿಕಾ. ಮೂರನೆಯದು ಏಷ್ಯಾ ಮತ್ತು ನೈಋತ್ಯ ಪೆಸಿಫಿಕ್. ವಿಶ್ವಪರ್ಯಟನೆ ಟಿಕೆಟ್ ಈ ವಲಯಗಳ ನಡುವೆ ಒಂದೇ ದಿಕ್ಕಿನಲ್ಲಿ ಮುಂದುವರಿಯಬೇಕು. ಪೂರ್ವಕ್ಕೋ ಪಶ್ಚಿಮಕ್ಕೋ ಎಂಬುದು ನಮ್ಮ ಇಷ್ಟ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡನ್ನೂ ದಾಟಲೇಬೇಕು. ಆದರೆ ಒಂದು ಖಂಡದ ಒಳಗೆ ಹಿಂದೆ ಮುಂದೆ ಓಡಾಡಲು ಸಾಕಷ್ಟು ಸ್ವಾತಂತ್ರ್ಯವಿದೆ. ಸಿಡ್ನಿಯಿಂದ ಆಕ್ಲೆಂಡ್‌ಗೆ, ಅಂದರೆ ತಿರುಗಿ ಪೂರ್ವಕ್ಕೆ ಹೋಗಿ ಬರುವುದು ಹೇಗೆ ಸಾಧ್ಯ ಎಂದು ಪ್ರಯಾಣಿಕೆ ಚಿಂತಿಸಿದ್ದರು. ಎರಡೂ ನೈಋತ್ಯ ಪೆಸಿಫಿಕ್‌ನ ಒಳಗೇ ಇರುವುದರಿಂದ ಅದು ಸಮಸ್ಯೆಯೇ ಅಲ್ಲ.

ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ತನ್ನ ಆರು ಖಂಡಗಳಲ್ಲಿ ಯುರೋಪ್ ಮತ್ತು ಮಧ್ಯಪ್ರಾಚ್ಯವನ್ನು ಒಂದೇ ಖಂಡವೆಂದು ಎಣಿಸುತ್ತದೆ. ಈಜಿಪ್ಟ್, ಮೊರಾಕೋ, ಟ್ಯುನೀಷಿಯಾ ಕೂಡ ಅದರ ಒಳಗೆ ಸೇರುತ್ತವೆ. ಕೈರೋದ ಪಿರಮಿಡ್ಡುಗಳನ್ನು ನೋಡಲು ಆಫ್ರಿಕಾ ಖಂಡದ ದರ ಕೊಡಬೇಕಿಲ್ಲ. ಇದು ನಮಗೆ ಅನುಕೂಲವೂ ಆಯಿತು, ಅಡ್ಡಿಯೂ ಆಯಿತು. ದೋಹಾ ಏಳನೆಯ ಖಂಡವಾಗಲಿಲ್ಲ, ಅದು ಅನುಕೂಲ. ಆದರೆ ಲಂಡನ್ ಮತ್ತು ದೋಹಾ ಒಂದೇ ಖಂಡವಾದ್ದರಿಂದ ದೋಹಾದಲ್ಲಿ ನಿಲ್ಲುವುದು, ಹೊರಟ ಖಂಡದಲ್ಲೇ ನಿಂತಂತೆ. ಹೊರಟ ಖಂಡದಲ್ಲಿ ಎರಡು ತಂಗುದಾಣಗಳಿಗೆ ಮಾತ್ರ ಅನುಮತಿ. ತಂಗುದಾಣವೆಂದರೆ 24 ಗಂಟೆ ಮೀರಿದ ನಿಲುಗಡೆ. ಅದಕ್ಕಿಂತ ಕಡಿಮೆಯದು ವಿಮಾನ ಬದಲಾವಣೆ ಮಾತ್ರ.

ದೋಹಾ, ರೋಮ್, ಮ್ಯಾಡ್ರಿಡ್: ಮೂರರಲ್ಲಿ ಒಂದು ಹೋಗಲೇಬೇಕಿತ್ತು. ಲಂಡನ್‌ನಿಂದ ವಾರಾಂತ್ಯಕ್ಕೂ ಹೋಗಿ ಬರಬಹುದಾದ ಊರು ಎಂಬ ಕಾರಣಕ್ಕೆ ರೋಮ್ ಬಿಟ್ಟೆವು. ಭಾಗಗಳು ಹದಿನೇಳಕ್ಕೆ ಇಳಿದವು.

ಆಫ್ರಿಕಾವನ್ನು ತಿರುಗಿಸಿ ಹಾಕಿದ್ದು

ಉಳಿದ ಗಂಟು ದೋಹಾದ್ದೇ. ಹಾಂಗ್‌ಕಾಂಗ್‌ನಿಂದ ದೋಹಾ, ದೋಹಾದಿಂದ ಜೋಹಾನ್ಸ್‌ಬರ್ಗ್, ಕೇಪ್‌ಟೌನ್‌ನಿಂದ ಮತ್ತೆ ದೋಹಾ, ಅಲ್ಲಿಂದ ಮ್ಯಾಡ್ರಿಡ್. ಒಂದೇ ಊರಿಗೆ ಎರಡು ಸಲ ಬಂದು ಒಂದು ಸಲ ಮಾತ್ರ ತಂಗುವುದೆಂದರೆ ಕೂಪನ್‌ಗಳನ್ನು ಪೋಲು ಮಾಡಿದಂತೆ. ಕ್ಯಾಥೆ ಪೆಸಿಫಿಕ್ ಹಾಂಗ್‌ಕಾಂಗ್‌ನಿಂದ ಜೋಹಾನ್ಸ್‌ಬರ್ಗ್‌ಗೆ ನೇರವಾಗಿ ಹಾರುತ್ತದೆ. 6,600 ಮೈಲಿಗೂ ಮಿಕ್ಕಿದ ಆ ಒಂದು ಹಾರಾಟದಿಂದ ಹೋಗುವ ದಾರಿಯ ದೋಹಾ ಇಲ್ಲವಾಯಿತು. ಅದನ್ನು ಬರುವ ದಾರಿಯಲ್ಲಿ ಇಟ್ಟುಕೊಂಡೆವು. ಲೆಕ್ಕ ಹದಿನಾರು. ಟಿಕೆಟ್ ಇಲ್ಲಿಗೇ ಸಾಧ್ಯವಾಯಿತು.

ಆದರೆ ಹದಿನಾರನ್ನೂ ಬಳಸಿದ ಟಿಕೆಟ್ ನನಗೆ ಇಷ್ಟವಿಲ್ಲ. ಹತ್ತು ತಿಂಗಳ ದಾರಿಯಲ್ಲಿ ಒಂದು ಹಾರಾಟ ರದ್ದಾಗುತ್ತದೆ, ಒಂದು ಊರು ಹೆಚ್ಚು ಪ್ರಿಯವಾಗುತ್ತದೆ, ಒಂದು ಕಡೆ ಬಳಸಿ ಹೋಗಬೇಕಾಗುತ್ತದೆ. ಆಗ ಕೈಯಲ್ಲಿ ಒಂದು ಕೂಪನ್ ಉಳಿದಿರಬೇಕು. ಜೋಹಾನ್ಸ್‌ಬರ್ಗ್–ಕೇಪ್‌ಟೌನ್ ಭಾಗದತ್ತ ಮತ್ತೆ ನೋಡಿದೆವು. ಬ್ರಿಟಿಷ್ ಏರ್‌ವೇಸ್ ಹೆಸರಿನಲ್ಲಿ ದಕ್ಷಿಣ ಆಫ್ರಿಕಾದ ಒಳಗೆ ಹಾರುತ್ತಿದ್ದ ಕಾಮ್‌ಏರ್ 2022ರಲ್ಲಿ ಮುಚ್ಚಿಹೋದ ಮೇಲೆ ಅಲ್ಲಿ ಒನ್‌ವರ್ಲ್ಡ್‌ಗೆ ಒಳನಾಡಿನ ವಿಮಾನವಿಲ್ಲ. ಬೇರೆ ಟಿಕೆಟನ್ನಂತೂ ಕೊಳ್ಳಲೇಬೇಕು. ಹಾಗಿದ್ದ ಮೇಲೆ ಹೋಗಿ ಬರುವ ಟಿಕೆಟ್ ಕೊಂಡು ಜೋಹಾನ್ಸ್‌ಬರ್ಗ್‌ಗೇ ಮರಳಿ ಅಲ್ಲಿಂದ ದೋಹಾಕ್ಕೆ ಹಾರಿದರೆ ಆ ಭಾಗ ಎಣಿಕೆಯಿಂದಲೇ ಜಾರುತ್ತದೆ. ಹದಿನೈದು.

ಲಿಮಾ–ಸಾಂಟಿಯಾಗೋ ಭಾಗಕ್ಕೂ ಇದೇ ಉಪಾಯ ನಡೆಯುವುದಿಲ್ಲವೇ? ನಡೆಯುವುದಿಲ್ಲ. ಅಲ್ಲಿ ಸಾಂಟಿಯಾಗೋದಿಂದಲೇ ಸಾಗರ ದಾಟಬೇಕು, ಲಿಮಾಕ್ಕೆ ಮರಳುವ ಪ್ರಶ್ನೆಯಿಲ್ಲ. ಈ ನಗರಗಳ ನಡುವೆ ಹಾರುವ ಲಾಟಾಮ್ ಮೊದಲು ಒನ್‌ವರ್ಲ್ಡ್ ಸದಸ್ಯನಾಗಿತ್ತು. 2020ರ ಮೇ 1ರಂದು ಅದು ಹೊರಬಿದ್ದ ಮೇಲೆ ದಕ್ಷಿಣ ಅಮೆರಿಕದ ಒಳಗೆ ಒಕ್ಕೂಟದ ಜಾಲ ತೆಳುವಾಗಿದೆ. ಹಳೆಯ ಪ್ರವಾಸಿಗರು ಹೇಳುವ ದಾರಿಗಳನ್ನು ಇಂದು ನಂಬಿ ಕೂರಬಾರದು. ಒಕ್ಕೂಟದ ಸದಸ್ಯತ್ವ ಬದಲಾದಾಗಲೆಲ್ಲ ಇಡೀ ಖಂಡಗಳ ದಾರಿ ಬದಲಾಗುತ್ತದೆ. ಒಂದು ಸಂಸ್ಥೆಯ ಸಂಖ್ಯೆಯಲ್ಲಿ ಇನ್ನೊಂದು ಸಂಸ್ಥೆ ಹಾರಿಸುವ (ಕೋಡ್‌ಶೇರ್) ವಿಮಾನಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿಮಾನದ ಸಂಖ್ಯೆ ಕ್ವಾಂಟಸ್‌ನದಾಗಿದ್ದರೂ ಹಾರಿಸುವುದು ಒಕ್ಕೂಟದ ಹೊರಗಿನ ಎಮಿರೇಟ್ಸ್ ಆಗಿದ್ದರೆ ಅದು ಈ ಟಿಕೆಟ್‌ಗೆ ಸಲ್ಲುವುದಿಲ್ಲ. ನೋಡಬೇಕಾದದ್ದು ಹಾರಿಸುವ ಸಂಸ್ಥೆ ಯಾವುದು ಎಂಬುದನ್ನು.

ಕೊನೆಗೆ ನಿಂತ ಮಾರ್ಗ ಇದು: ಲಂಡನ್ – ನ್ಯೂಯಾರ್ಕ್ – ಲಾಸ್ ಏಂಜಲೀಸ್ – ಡಲ್ಲಾಸ್ – ಮಯಾಮಿ – ಲಿಮಾ, ಅಲ್ಲಿಂದ ಸ್ವಂತ ವ್ಯವಸ್ಥೆಯಲ್ಲಿ ಸಾಂಟಿಯಾಗೋ, ಬಳಿಕ ಸಿಡ್ನಿ – ಆಕ್ಲೆಂಡ್ – ಸಿಡ್ನಿ – ಟೋಕಿಯೋ – ಹಾಂಗ್‌ಕಾಂಗ್ – ಜೋಹಾನ್ಸ್‌ಬರ್ಗ್ – ದೋಹಾ – ಮ್ಯಾಡ್ರಿಡ್ – ಲಂಡನ್.

ದಿನಾಂಕಗಳು ಮತ್ತು ಡಿ ವರ್ಗ

ಮಾರ್ಗ ಸಿದ್ಧವಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಸೀಟು ಹುಡುಕುವುದು. ಬಿಸಿನೆಸ್ ಕ್ಯಾಬಿನ್‌ನಲ್ಲಿ ಹತ್ತು ಸೀಟು ಖಾಲಿ ಕಂಡರೂ ಡಿ ವರ್ಗದಲ್ಲಿ ಒಂದೂ ಇಲ್ಲದಿರಬಹುದು. ಒಂದೇ ಕ್ಯಾಬಿನ್ನಿನ ಸೀಟುಗಳನ್ನು ಸಂಸ್ಥೆಗಳು ಬೇರೆ ಬೇರೆ ಅಕ್ಷರಗಳ ಅಡಿಯಲ್ಲಿ, ಬೇರೆ ಬೇರೆ ದರಕ್ಕೆ ಮಾರುತ್ತವೆ. ನಮ್ಮ ಟಿಕೆಟ್‌ಗೆ ದಕ್ಕುವುದು ಒಂದು ಅಕ್ಷರದ ಸೀಟು ಮಾತ್ರ.

ಹೆಚ್ಚಿನವರು ಮೊದಲ ಹಾರಾಟದಿಂದ ಶುರುಮಾಡಿ ಒಂದೊಂದಾಗಿ ಮುಂದೆ ಹೋಗುತ್ತಾರೆ. ನಾವು ಶುರುಮಾಡಿದ್ದು ಸಾಂಟಿಯಾಗೋ–ಸಿಡ್ನಿಯಿಂದ. ಆ ವಿಮಾನ ವಾರದ ಎಲ್ಲ ದಿನವೂ ಇರುವುದಿಲ್ಲ, ಪರ್ಯಾಯವೂ ಇಲ್ಲ. ಲಂಡನ್–ನ್ಯೂಯಾರ್ಕ್ ನಡುವೆ ಒಕ್ಕೂಟದ ವಿಮಾನಗಳು ದಿನಕ್ಕೆ ಹಲವಾರು. ಅದನ್ನು ಯಾವಾಗ ಬೇಕಾದರೂ ಕೂರಿಸಬಹುದು. ಸಾಂಟಿಯಾಗೋ–ಸಿಡ್ನಿಗೆ ಡಿ ವರ್ಗ ಸಿಕ್ಕ ದಿನವನ್ನು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲಂಡನ್‌ವರೆಗೂ ಮುಂದಕ್ಕೆ ಹಾಂಗ್‌ಕಾಂಗ್‌ವರೆಗೂ ದಿನಾಂಕ ಹೊಂದಿಸಿದೆವು. ಈ ವಿಮಾನ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟುವುದರಿಂದ ಕ್ಯಾಲೆಂಡರಿನ ಒಂದು ದಿನ ಕಳೆದುಹೋಗುತ್ತದೆ ಎಂಬುದನ್ನು ಹೋಟೆಲ್ ಕಾಯ್ದಿರಿಸುವಾಗ ಮರೆಯಬಾರದು. ಎದುರು ದಿಕ್ಕಿನಲ್ಲಿ ಹೋಗುವವರು ಹೊರಟ ದಿನವೇ ತಲುಪುತ್ತಾರೆ.

ಕೊನೆಯ ಭಾಗಗಳ ಕಥೆ ಬೇರೆ. ವಿಮಾನಗಳ ವೇಳಾಪಟ್ಟಿ ಸಾಮಾನ್ಯವಾಗಿ ಹನ್ನೊಂದು ತಿಂಗಳ ಆಚೆಗೆ ಮಾರಾಟಕ್ಕೆ ತೆರೆದಿರುವುದಿಲ್ಲ. ಪ್ರಯಾಣಿಕೆ ಹೊರಡುವ ಮೂರು ತಿಂಗಳ ಮುಂಚೆ ಟಿಕೆಟ್ ಮಾಡಿಸಿದರೆ ಹತ್ತನೆಯ ತಿಂಗಳ ಮ್ಯಾಡ್ರಿಡ್–ಲಂಡನ್ ವಿಮಾನ ಇನ್ನೂ ಪಟ್ಟಿಯಲ್ಲೇ ಇರುವುದಿಲ್ಲ. ಅಂಥ ಭಾಗಗಳಿಗೆ ಸಿಗುವ ಕೊನೆಯ ದಿನಾಂಕಗಳನ್ನು ಹಾಕಿ ಟಿಕೆಟ್ ಮಾಡಿಸಿ, ಆಮೇಲೆ ಮುಂದೂಡುವುದು ರೂಢಿ. ಅದೇ ವರ್ಗದಲ್ಲಿ ಸೀಟು ಇದ್ದರೆ ದಿನಾಂಕ ಬದಲಾವಣೆಗೆ ದಂಡವಿಲ್ಲ. ಊರು ಬದಲಾದರೆ ಮಾತ್ರ ಶುಲ್ಕ. ಮೊದಲ ಹಾರಾಟದ ದಿನದಿಂದ ಒಂದು ವರ್ಷದೊಳಗೆ ಎಲ್ಲವೂ ಮುಗಿಯಬೇಕು.

ತೆರಿಗೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಮೊತ್ತ ಕಂಡಾಗ ಗಾಬರಿಯಾಗದಿರಲು ಇಷ್ಟು ತಿಳಿದಿರಲಿ: ಮೂಲ ದರದ ಮೇಲೆ ಪ್ರತಿ ನಿಲ್ದಾಣದ ತೆರಿಗೆ, ಸಂಸ್ಥೆಗಳು ಹಾಕುವ ಹೆಚ್ಚುವರಿ ಶುಲ್ಕ ಎರಡೂ ಸೇರುತ್ತವೆ. ಬ್ರಿಟನ್‌ನಿಂದ ಹೊರಡುವವರ ಮೇಲೆ ಬೀಳುವ ವಿಮಾನ ಪ್ರಯಾಣಿಕ ಸುಂಕ ದೂರಕ್ಕೆ ತಕ್ಕಂತೆ ಏರುತ್ತದೆ; ಬಿಸಿನೆಸ್ ದರ್ಜೆಗೆ ಇಕಾನಮಿಗಿಂತ ಹೆಚ್ಚು. ನಮ್ಮ ಮಾರ್ಗದಲ್ಲಿ ಅದು ಲಂಡನ್–ನ್ಯೂಯಾರ್ಕ್ ಭಾಗಕ್ಕೆ ಒಂದೇ ಬಾರಿ ಬಿತ್ತು. ಪ್ರವಾಸದ ನಡುವೆ ಲಂಡನ್‌ಗೆ ಬಂದು ಒಂದು ದಿನ ಮೀರಿ ತಂಗಿ ಮತ್ತೆ ಹೊರಡುವ ಮಾರ್ಗವಾಗಿದ್ದರೆ ಮತ್ತೊಮ್ಮೆ ಬೀಳುತ್ತಿತ್ತು.

ಲಿಮಾದಲ್ಲಿ ಬಿಟ್ಟುಕೊಂಡ ಎರಡು ದಿನ

ಕೂಪನ್‌ಗಳನ್ನು ಕ್ರಮವಾಗಿಯೇ ಬಳಸಬೇಕು. ನಡುವೆ ಒಂದು ವಿಮಾನವನ್ನು ಮುಂಚೆ ತಿಳಿಸದೆ ತಪ್ಪಿಸಿಕೊಂಡರೆ ಮುಂದಿನ ಎಲ್ಲ ಕಾಯ್ದಿರಿಸುವಿಕೆಗಳೂ ರದ್ದಾಗುವ ಅಪಾಯವಿದೆ. ಲಿಮಾದಿಂದ ಸಾಂಟಿಯಾಗೋಗೆ ಬೇರೆ ಟಿಕೆಟ್‌ನಲ್ಲಿ ಹೋಗುವಾಗ ಇದೇ ದೊಡ್ಡ ಭಯ. ಆ ವಿಮಾನ ತಡವಾಗಿ ಸಿಡ್ನಿ ವಿಮಾನ ಕೈತಪ್ಪಿದರೆ ಒಕ್ಕೂಟಕ್ಕೆ ಯಾವ ಹೊಣೆಯೂ ಇಲ್ಲ, ಅದರ ಕಣ್ಣಿಗೆ ಅಲ್ಲಿರುವುದು ಎಆರ್‌ಎನ್‌ಕೆ ಎಂಬ ಗುರುತು ಮಾತ್ರ. ಲಿಮಾದಿಂದ ಎರಡು ದಿನ ಮೊದಲೇ ಹೊರಡುವಂತೆ ಇಟ್ಟದ್ದು ಅದಕ್ಕಾಗಿ. ಒಂದೇ ಟಿಕೆಟ್‌ನ ಒಳಗಿನ ಲಾಸ್ ಏಂಜಲೀಸ್–ಡಲ್ಲಾಸ್–ಮಯಾಮಿಗೆ ಅಂಥ ಅಂತರ ಬೇಕಿಲ್ಲ. ಮೊದಲನೆಯದು ತಡವಾದರೆ ಮುಂದಿನದಕ್ಕೆ ಸೇರಿಸುವುದು ಸಂಸ್ಥೆಯ ಕೆಲಸ. ಬೇರೆ ಟಿಕೆಟ್‌ನಲ್ಲಿ ಸಾಮಾನಿನ ಮಿತಿಯೂ ಬೇರೆ. ಬಿಸಿನೆಸ್ ದರ್ಜೆಯ ಎರಡು ಪೆಟ್ಟಿಗೆಗಳೊಂದಿಗೆ ಲಿಮಾಕ್ಕೆ ಬಂದವರು ಸಾಂಟಿಯಾಗೋ ವಿಮಾನಕ್ಕೆ ಅವುಗಳ ಹಣವನ್ನು ಪ್ರತ್ಯೇಕವಾಗಿ ಕಟ್ಟಬೇಕಾಗಬಹುದು.

ಹದಿನಾರನೆಯದು

ಉಳಿಸಿದ ಕೂಪನ್ ಬಳಕೆಗೆ ಬಂದದ್ದು ನ್ಯೂಜಿಲೆಂಡ್‌ನಲ್ಲಿ. ಆಕ್ಲೆಂಡ್ ತಲುಪಿದ ಮೇಲೆ ಪ್ರಯಾಣಿಕೆಗೆ ರಸ್ತೆಯ ಮೇಲೆ ಇಡೀ ದೇಶ ನೋಡುವ ಆಸೆಯಾಯಿತು. ಉತ್ತರ ದ್ವೀಪದ ಉದ್ದಕ್ಕೂ ಇಳಿದು, ವೆಲಿಂಗ್ಟನ್‌ನಿಂದ ದೋಣಿಯಲ್ಲಿ ಕುಕ್ ಜಲಸಂಧಿ ದಾಟಿ, ದಕ್ಷಿಣ ದ್ವೀಪದ ಕ್ವೀನ್ಸ್‌ಟೌನ್‌ವರೆಗೆ. ಅಷ್ಟು ದೂರ ಇಳಿದು ವಿಮಾನಕ್ಕಾಗಿ ಮತ್ತೆ ಆಕ್ಲೆಂಡ್‌ಗೆ ಮರಳುವುದರಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಕ್ವೀನ್ಸ್‌ಟೌನ್‌ನಿಂದಲೇ ಸಿಡ್ನಿಗೆ ಕ್ವಾಂಟಸ್ ವಿಮಾನವಿದೆ. ಆಕ್ಲೆಂಡ್–ಸಿಡ್ನಿ ಭಾಗದ ಜಾಗದಲ್ಲಿ ಈಗ ಎರಡು: ಆಕ್ಲೆಂಡ್‌ನಿಂದ ಕ್ವೀನ್ಸ್‌ಟೌನ್‌ಗೆ ನೆಲದ ದಾರಿ, ಕ್ವೀನ್ಸ್‌ಟೌನ್‌ನಿಂದ ಸಿಡ್ನಿಗೆ ವಿಮಾನ. ಒಟ್ಟು ಹದಿನಾರು. ನೈಋತ್ಯ ಪೆಸಿಫಿಕ್‌ನ ಒಳಗೆ ಮೂರು. ಅಲ್ಲಿಯ ಮಿತಿ ನಾಲ್ಕು. ಖಂಡಗಳು ಆರೇ, ಹಾಗಾಗಿ ಮೂಲ ದರ ಬದಲಾಗಲಿಲ್ಲ.

ಊರು ಬದಲಾದ್ದರಿಂದ ಟಿಕೆಟನ್ನು ಮರುವಿತರಣೆ ಮಾಡಿಸಬೇಕಾಯಿತು. ಆ ಕೆಲಸ ಮೂಲ ಟಿಕೆಟ್ ಕೊಟ್ಟ ಸಂಸ್ಥೆಯ ಮೂಲಕವೇ ಆಗಬೇಕು, ಬದಲಾಗುವ ವಿಮಾನ ಹೊರಡುವ ಮೊದಲೇ ಆಗಬೇಕು. ಕ್ವೀನ್ಸ್‌ಟೌನ್–ಸಿಡ್ನಿ ವಿಮಾನದಲ್ಲಿ ಡಿ ವರ್ಗ ಇರುವ ದಿನವನ್ನು ಮೊದಲು ಹುಡುಕಿಟ್ಟುಕೊಂಡು, ವಿಮಾನದ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು ಫೋನ್ ಮಾಡಲು ಹೇಳಿದೆ. ಸಹಾಯವಾಣಿಯವರಿಗೆ ಸಿದ್ಧ ಉತ್ತರವನ್ನೇ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಬದಲಾವಣೆಯ ಶುಲ್ಕ, ಜೊತೆಗೆ ನಿಲ್ದಾಣ ಬದಲಾದ್ದಕ್ಕೆ ತೆರಿಗೆಯ ವ್ಯತ್ಯಾಸ, ಎರಡನ್ನೂ ಕಟ್ಟಿದ ಮೇಲೆ ಹಳೆಯ ಟಿಕೆಟ್‌ನ ಉಳಿದ ಕೂಪನ್‌ಗಳು ವಿನಿಮಯಗೊಂಡು ಹೊಸ ಸಂಖ್ಯೆಗಳಡಿ ಬಂದವು. ಎಂಟು ಭಾಗ ಉಳಿದಿತ್ತು, ಹಾಗಾಗಿ ಹೊಸ ಟಿಕೆಟ್‌ಗಳು ಎರಡು. ಕಾಯ್ದಿರಿಸುವಿಕೆ ಸರಿಯಾಗಿ ಕಂಡರೂ ಹಿಂದಿನ ಟಿಕೆಟ್ ಸಂಖ್ಯೆ ಬದಲಾಗದೆ ಉಳಿದಿದ್ದರೆ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಆದ್ದರಿಂದ ಕ್ವಾಂಟಸ್, ಜಪಾನ್ ಏರ್‌ಲೈನ್ಸ್, ಕ್ಯಾಥೆ, ಕತಾರ್, ಐಬೀರಿಯಾ, ಹೀಗೆ ಮುಂದೆ ಹತ್ತಬೇಕಾದ ಒಂದೊಂದು ಸಂಸ್ಥೆಯ ದಾಖಲೆಯಲ್ಲೂ ಹೊಸ ಸಂಖ್ಯೆ ಸೇರಿದೆಯೇ, ಎಲ್ಲ ಕೂಪನ್‌ಗಳ ಎದುರು ಓಪನ್ (ಬಳಸಲು ಸಿದ್ಧ) ಎಂದಿದೆಯೇ ಎಂದು ನೋಡಿಕೊಂಡ ಬಳಿಕವೇ ಆಕೆ ಆಕ್ಲೆಂಡ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡರು.